ಬೆಳ್ಳಿ ಎಂದು ಹೆಸರಿಟ್ಟ ಮೇಲೆ

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ತರಗತಿಯಲ್ಲಿ ನನ್ನ ಹೆಸರಿನವರು ನಾಲ್ಕು ಜನ ಇದ್ದೆವು. ಮೇಷ್ಟ್ರು ಹಾಜರಿ ಕೂಗಿದರೆ ನಾಲ್ಕು ಮೂಲೆಯಿಂದ "ಯೆಸ್ ಸಾರ್" ಬರುತ್ತಿತ್ತು. ಅವರಿಗೆ ತಲೆಕೆಟ್ಟು ತಾವೇ ಒಂದು ದಾರಿ ಕಂಡುಕೊಂಡರು. ಒಬ್ಬಳನ್ನು ಅವಳ ಊರಿನ ಹೆಸರು ಸೇರಿಸಿ ಕರೆದರು. ಇನ್ನೊಬ್ಬಳು ಉದ್ದ ಇದ್ದಳು, ಅವಳು 'ಉದ್ದನೆಯವಳು' ಆದಳು. ಮತ್ತೊಬ್ಬಳು ಪ್ರಾರ್ಥನೆ ಹೇಳುತ್ತಿದ್ದಳು, ಅವಳು 'ಹಾಡೋಳು'. ನನಗೆ ಊರೂ ಸಿಗಲಿಲ್ಲ, ಹಾಡೂ ಸಿಗಲಿಲ್ಲ. ನನಗೆ ಸಿಕ್ಕಿದ್ದು 'ಮುಂದಿನ ಹಲ್ಲು'.

ಮನೆಗೆ ಹೋಗಿ ಅವ್ವನನ್ನು ಕೇಳಿದೆ, ಈ ಹೆಸರನ್ನು ನನಗೆ ಯಾಕಿಟ್ಟಿರಿ ಎಂದು. ಅವ್ವ ರಾಗಿಹಿಟ್ಟು ಜರಡಿ ಹಿಡಿಯುತ್ತಾ ಹೇಳಿದಳು: "ಪಕ್ಕದ್ ಮನೇವ್ರು ಅವ್ರ್ ಮಗೀಗೆ ಇಟ್ಟಿದ್ರು. ಚೆನ್ನಾಗೈತೆ ಅನ್ನುಸ್ತು. ನಾವೂ ಇಟ್ವಿ." ಆ ಪಕ್ಕದ ಮನೆಯ ಮಗಳೇ ಹಾಡೋಳು.

ಅವತ್ತೇ ತೀರ್ಮಾನ ಮಾಡಿದ್ದೆ. ನನಗೊಂದು ಮಗು ಹುಟ್ಟಿದರೆ ಅದಕ್ಕೆ ಅದರದೇ ಆದ ಒಂದು ಹೆಸರಿರಬೇಕು. ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಎಲ್ಲರೂ ಆ ಹೆಸರಿನಿಂದಲೇ ಅದನ್ನು ಕರೆಯಬೇಕು. ಹಲ್ಲಿನಿಂದ ಅಲ್ಲ.

ಈ ಆಸೆ ನನ್ನೊಳಗೆ ಹೇಗೆ ಬೆಳೆಯಿತು ಎನ್ನುವುದಕ್ಕೆ ನನ್ನ ಓದಿನ ಕಥೆಯನ್ನೂ ಸ್ವಲ್ಪ ಹೇಳಬೇಕು. ಹೇಳದೆ ಬಿಡುವವಳೂ ನಾನಲ್ಲ, ಪರಿಚಯವಾದ ಸ್ವಲ್ಪ ಹೊತ್ತಿಗೇ ಎಲ್ಲರಿಗೂ ಹೇಳಿಬಿಡುತ್ತೇನೆ. ಮಧುರೆ ಹೋಬಳಿಯ ನಮ್ಮ ಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಬಸ್ಸಿನಲ್ಲಿ ನಿಂತು ಹೋಗಿ, ಕಾಲೇಜು ಮುಗಿಸಿ, ಸಂಜೆ ಮಗ್ಗದ ಮನೆಯೊಂದರಲ್ಲಿ ನೂಲು ಸುತ್ತಿ, ಮತ್ತೆ ಬಸ್ಸಿನಲ್ಲಿ ನಿಂತು ಬಂದು ಬಿ.ಕಾಂ. ಮಾಡಿದವಳು ನಾನು. ನಮ್ಮ ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ನನಗಿಂತ ಮುಂಚೆ ಡಿಗ್ರಿ ಮಾಡಿದವರು ಯಾರೂ ಇಲ್ಲ. ಆ ಸರ್ಟಿಫಿಕೇಟನ್ನು ಅಪ್ಪ ಕಟ್ಟು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ. ಅವ್ವ ಹಬ್ಬದ ದಿನ ಅದಕ್ಕೂ ಕುಂಕುಮ ಇಡುತ್ತಾಳೆ. ಬೇಡ ಎಂದು ನಾನು ಇವತ್ತಿನವರೆಗೂ ಹೇಳಿಲ್ಲ.

ಮದುವೆಯಾಗಿ ಬಂದದ್ದು ದೇವನಹಳ್ಳಿ ಪಕ್ಕದ ಒಂದು ಊರಿಗೆ. ಗಂಡ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುತ್ತಾನೆ. ಮಾವ ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ನಾನು ಹತ್ತಿರದ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಅಡ್ಮಿಷನ್ ಕಾಲದಲ್ಲಿ ನನ್ನ ಮುಖ್ಯ ಕೆಲಸವೇ ಮಕ್ಕಳ ಹೆಸರನ್ನು ಕಂಪ್ಯೂಟರಿಗೆ ಹಾಕುವುದು. ಹೀಗಾಗಿ ಹೆಸರಿನ ವಿಷಯದಲ್ಲಿ ನನಗೆ ಒಂಥರಾ ಗತ್ತು ಬಂದುಬಿಟ್ಟಿತ್ತು. ಒಂದೇ ಸೆಕ್ಷನ್ನಿನಲ್ಲಿ ಐದು ಆದ್ಯ, ಮೂರು ಇಂಚರ, ಎರಡು ಇಬ್ಬನಿ. ಇನ್ನು ಕೆಲವು ಹೆಸರುಗಳಿದ್ದವು, ಅಪ್ಪನ ಹೆಸರಿನ ಮೊದಲ ತುಂಡು, ಅಮ್ಮನ ಹೆಸರಿನ ಕೊನೆಯ ತುಂಡು ಅಂಟಿಸಿದವು. ಅವನ್ನು ಕೂಗಲು ಟೀಚರ್‌ಗಳು ಮೊದಲು ಉಸಿರೆಳೆದುಕೊಳ್ಳುತ್ತಿದ್ದರು. ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ನನ್ನ ಸರದಿ ಬರಲಿ, ತೋರಿಸುತ್ತೇನೆ ಇವರಿಗೆಲ್ಲ ಎಂದುಕೊಳ್ಳುತ್ತಿದ್ದೆ.

ಸರದಿ ಬಂತು. ಹೆಣ್ಣುಮಗು. ಆಸ್ಪತ್ರೆಯಲ್ಲಿ ಮಗುವನ್ನು ಎತ್ತಿಕೊಂಡ ಅತ್ತೆ ಮೊದಲು ಅದರ ಕಿವಿ ನೋಡಿದರು, ಕಾಲು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, "ಹೆಸ್ರು ನೀನೇ ಇಡವ್ವ. ಓದ್ದೋಳು. ನಮ್ಗೇನ್ ತಿಳೀತದೆ?" ಎಂದರು. ಅವರು ಸಹಜವಾಗಿ ಹೇಳಿದ ಮಾತು ಅದು. ನನಗೋ ಯೂನಿವರ್ಸಿಟಿಯವರು ಇನ್ನೊಂದು ಡಿಗ್ರಿ ಕೊಟ್ಟಷ್ಟು ಹಿಗ್ಗು.

ಬಾಣಂತನಕ್ಕೆ ತವರಿಗೆ ಹೋದೆ. ಗಂಡ ದಿನವೂ ಫೋನು ಮಾಡುತ್ತಿದ್ದ. ಅವನು ಸ್ನೇಹಿತರನ್ನು ಕರೆಯುವ ಹಾಗೆ ನನ್ನನ್ನೂ 'ಗುರು' ಎನ್ನುತ್ತಾನೆ.

"ಇವತ್ತೊಂದು ಫ್ಯಾಮಿಲಿ ಡ್ರಾಪ್ ಮಾಡ್ದೆ ಗುರು. ಪಾಪು ಹೆಸ್ರು ಕಿಯಾನ್ಷಿ ಅಂತೆ. ಸಖತ್ತಾಗಿಲ್ವಾ?"

"ಹಂಗಂದ್ರೆ ಏನು?"

"ನಂಗೇನ್ ಗೊತ್ತು. ಅವ್ರನ್ನೂ ಕೇಳ್ದೆ, ಅವ್ರಿಗೂ ಗೊತ್ತಿಲ್ಲ."

ನನ್ನ ನಿಯಮ ಬೇರೆ ಇತ್ತು. ಹೆಸರು ಯಾರ ಬಾಯಲ್ಲೂ ಸವೆದಿರಬಾರದು, ಆದರೆ ಕೇಳಿದವರು 'ಏನು? ಏನು?' ಎಂದು ಎರಡು ಸಲ ಕೇಳಲೂಬಾರದು. ಅವ್ವನಿಗೂ ಅರ್ಥವಾಗಬೇಕು, ಬೆಂಗಳೂರಿನವರಿಗೂ ಹಳ್ಳಿಗುಗ್ಗು ಅನ್ನಿಸಬಾರದು. ಇಷ್ಟೆಲ್ಲ ಷರತ್ತು ಹಾಕಿಕೊಂಡು ನಾನು ಗಿಡಮರಗಳ ಕಡೆಗೆ ಹೋದೆ. ತುಂಬೆ, ಹೊಂಗೆ ಎಂದೆಲ್ಲ ಫೋನಿನಲ್ಲಿ ಹೇಳಿದೆ. ಗಂಡ, "ನಲ್ಲೂರು ಹುಣ್ಸೆ ತೋಪು ಇಲ್ಲೇ ಐತಲ್ಲ, ಹುಣ್ಸೆ ಅಂತಾನೇ ಇಟ್ಬಿಡು. ಮಗೂನ ಅರಣ್ಯ ಇಲಾಖೆಗೆ ಕೊಟ್ಟಂಗಾಯ್ತದೆ" ಎಂದ. ಅವತ್ತು ನಾನು ಫೋನು ಕುಕ್ಕಿದೆ.

ನಕ್ಷತ್ರದ ಪ್ರಕಾರ ಅಕ್ಷರ ನೋಡಿಸೋಣ ಎಂದು ಅಪ್ಪ ಶಾಸ್ತ್ರಿಗಳ ಹತ್ತಿರ ಹೋಗಿ ಬಂದ. ಹಸ್ತಾ ನಕ್ಷತ್ರ, ಅಕ್ಷರಗಳು ಪೂ, ಷ, ಣ, ಠ. ಪೂ ಹೆಸರುಗಳು ನಮ್ಮ ಶಾಲೆಯ ಕಂಪ್ಯೂಟರಿನ ತುಂಬ ಇದ್ದವು. ನಾನು ಮಂಚದ ಮೇಲೆ ಕೂತು ಣ ಅಕ್ಷರದಿಂದ ಶುರುವಾಗುವ ಒಂದಾದರೂ ಹೆಸರು ಈ ಭೂಮಿಯ ಮೇಲೆ ಇದೆಯೇ ಎಂದು ಯೋಚಿಸಿದೆ. ಠ ಇನ್ನೂ ಕಷ್ಟ. ಅಪ್ಪ ಪಾಪ, "ಠಾಣೆ ಅನ್ನೋದೊಂದೇ ನಂಗ್ ಹೊಳೀತಿರೋದು" ಎಂದ. ನಕ್ಷತ್ರವನ್ನು ಅಲ್ಲಿಗೇ ಕೈಬಿಟ್ಟೆವು.

ಕೊನೆಗೆ ಹೆಸರು ಸಿಕ್ಕಿದ್ದು ಒಂದು ಬೆಳಗಿನ ಜಾವ. ಮಗುವನ್ನು ಎದೆಗೆ ಹಾಕಿಕೊಂಡು ಹಿತ್ತಿಲ ಬಾಗಿಲಲ್ಲಿ ಕೂತಿದ್ದೆ. ಅವ್ವ ಆಕಳಿಸುತ್ತಾ ಹೊರಗೆ ಬಂದು ಮೂಡಣದ ಕಡೆ ನೋಡಿ, "ಬೆಳ್ಳಿ ಮೂಡ್ಬಿಡ್ತು. ನೀರೊಲೆ ಹಚ್ಬೇಕು" ಎಂದಳು. ಅಲ್ಲಿ ಒಂದು ಚುಕ್ಕಿ ನಿಚ್ಚಳವಾಗಿ ಕಾಣುತ್ತಿತ್ತು. ಬೆಳ್ಳಿ! ಮನಸ್ಸಿನಲ್ಲಿ ಹೇಳಿ ನೋಡಿದೆ, ಎರಡೇ ಅಕ್ಷರ. ಹೊಳೆಯುತ್ತದೆ. ಯಾರಿಗೂ ವಿವರಿಸಬೇಕಾಗಿಲ್ಲ. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಇಲ್ಲ. ಹೆಸರು ಅವ್ವನ ಬಾಯಿಂದ ಬಿದ್ದದ್ದು, ಆದರೆ ಮಧ್ಯಾಹ್ನದ ಹೊತ್ತಿಗೆ ಅದು ಪೂರ್ತಿ ನನ್ನದೇ ಸಂಶೋಧನೆ ಆಗಿಹೋಗಿತ್ತು.

ಕೂಗಿದರೆ ಹೇಗಿರುತ್ತದೆ ಎಂದು ಪರೀಕ್ಷೆ ಮಾಡಬೇಕಲ್ಲ. ಯಾರೂ ನೋಡದಾಗ ಮಾಳಿಗೆ ಹತ್ತಿ ಹೊಲದ ಕಡೆ ಮುಖಮಾಡಿ "ಬೆಳ್ಳೀ!" ಎಂದು ಒಂದು ಕೂಗು ಹಾಕಿದೆ. ಚೆನ್ನಾಗಿ ದೂರಕ್ಕೆ ಹೋಯಿತು. ಪಕ್ಕದ ಮನೆಯವರ ಬಿಳಿ ಆಡು ಮೇಯುವುದು ಬಿಟ್ಟು ತಲೆಯೆತ್ತಿ ನನ್ನನ್ನೇ ನೋಡಿತು. ಕೆಳಗಿನಿಂದ ಅವ್ವ, "ಯಾರ್ನೇ ಕೂಗ್ತಿದ್ದೀಯಾ?" ಎಂದಳು. "ಯಾರ್ನೂ ಇಲ್ಲ, ಗಂಟ್ಲು ಕಟ್ಟಿತ್ತು" ಎಂದೆ. ಆಡಿನ ವಿಷಯವನ್ನು ನಾನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ತೊಟ್ಟಿಲಿಗೆ ಹಾಕುವ ಮುಂಚೆ ಮಗುವಿನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎನ್ನುವ ರೂಢಿ ನಮ್ಮ ಕಡೆ ಇದೆ. ಬೇರೆ ರೂಢಿಗಳನ್ನೆಲ್ಲ 'ಇದೆಲ್ಲ ಯಾಕೆ ಬೇಕು' ಎಂದು ಪ್ರಶ್ನೆ ಕೇಳುವ ನಾನು, ಇದೊಂದನ್ನು ಮಾತ್ರ ಕಣ್ಣಿಗೊತ್ತಿಕೊಂಡು ಪಾಲಿಸಿದೆ. ಮೊದಲೇ ಹೇಳಿದರೆ ಬದಲಾಯಿಸಿ ಎನ್ನುವವರು ಹುಟ್ಟಿಕೊಳ್ಳುತ್ತಾರೆ ಎನ್ನುವುದು ನನ್ನ ಲೆಕ್ಕ. ಗಂಡನಿಗೆ ಹೇಳಿದ್ದು ತೊಟ್ಟಿಲ ಶಾಸ್ತ್ರಕ್ಕೆಂದು ಮಗುವಿನ ಜೊತೆ ಅವನ ಮನೆಗೆ ಬಂದ ಮೇಲೆ, ಹಿಂದಿನ ದಿನ ಸಂಜೆ.

"ಬೆಳ್ಳಿನಾ?" ಎಂದ. "ಇಡೋದೇ ಇಡ್ತೀಯಾ, ಚಿನ್ನ ಅಂತಾನೇ ಇಡ್ಬಾರ್ದಾ?"

ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ಗಂಡನ ಅಕ್ಕ. ಅವಳನ್ನು ಶಾಸ್ತ್ರದ ದಿನ ಬೆಳಿಗ್ಗೆ ಅಡುಗೆಮನೆಯ ಮೂಲೆಗೆ ಕರೆದು ಹೇಳಿದೆ. ಅವಳು, "ಸದ್ಯ, ಬಾಯಿಗೆ ಬರಂಗೈತೆ. ನಮ್ ನಾದ್ನಿ ಮಗೂಗೆ ಇಟ್ಟವ್ರಲ್ಲ, ನಂಗಿನ್ನೂ ನಾಲ್ಗೆ ಹೊರಳಲ್ಲ" ಎಂದಳು. ಅಲ್ಲಿಗೆ ಮನೆಯ ಇಬ್ಬರು ಮಕ್ಕಳೂ ಒಪ್ಪಿದಂತಾಯಿತು. ಇಬ್ಬರಿಗೂ ಏನೂ ಹೊಳೆಯಲಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸುತ್ತೇನೆ. ತಪ್ಪು ಪೂರ್ತಿ ನನ್ನೊಬ್ಬಳದೇ ಅಲ್ಲ.

ತೊಟ್ಟಿಲಿಗೆ ಚೆಂಡುಹೂವು ಸುತ್ತಿದ್ದರು. ಮೊದಲು ಶಾಸ್ತ್ರಕ್ಕೆ ಗುಂಡುಕಲ್ಲನ್ನು ಮಲಗಿಸಿ ತೂಗಿ, ಆಮೇಲೆ ಮಗುವನ್ನು ಮಲಗಿಸಿದರು. ಗಂಡನ ಅಕ್ಕ ಬಗ್ಗಿ ಕಿವಿಯಲ್ಲಿ ಮೂರು ಸಲ ಹೇಳಿದಳು. "ಏನ್ ಹೆಸ್ರು? ಜೋರಾಗಿ ಹೇಳು" ಎಂದು ಹೆಂಗಸರೆಲ್ಲ ಕೂಗಿದರು. "ಬೆಳ್ಳಿ" ಎಂದಳು. ನಾನು ಗೋಡೆಗೊರಗಿ ನಿಂತು ಎಲ್ಲರ ಮುಖ ನೋಡುತ್ತಿದ್ದೆ. ಮೆಚ್ಚುಗೆ ಯಾವ ಕಡೆಯಿಂದ ಮೊದಲು ಬರುತ್ತದೆ ಎಂದು.

"ಅಜ್ಜಿ ಮೊದ್ಲು ಕರೀಬೇಕು. ಕೂಗವ್ವ ನಿನ್ ಮೊಮ್ಮಗಳ್ನ" ಎಂದು ಯಾರೋ ಅತ್ತೆಯನ್ನು ಮುಂದಕ್ಕೆ ತಳ್ಳಿದರು.

ಅತ್ತೆ ತೊಟ್ಟಿಲ ಹಗ್ಗ ಹಿಡಿದರು. ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು, ಏನೂ ಬರಲಿಲ್ಲ. ಆಮೇಲೆ ಅವರು ಮಾಡಿದ್ದು ನೋಡಿ ನನಗೆ ಏನೂ ಅರ್ಥವಾಗಲಿಲ್ಲ: ಹೆಗಲ ಮೇಲಿದ್ದ ಸೆರಗನ್ನು ಎಳೆದು ತಲೆಯ ತುಂಬ ಹೊದ್ದುಕೊಂಡರು. ಯಾರಾದರೂ ಹಿರಿಯರು ಒಳಗೆ ಬಂದಾಗ ಹೊದ್ದುಕೊಳ್ಳುವ ಹಾಗೆ.

ಗಂಡನ ತಾತನ ತಂಗಿ ಒಬ್ಬರು ಬಂದಿದ್ದರು. ಆ ಮನೆಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು, ಈಗ ಬಾಗಿದ ಬೆನ್ನಿನ ಮುದುಕಿ. ಅವರು ಚಾಪೆಯ ಮೇಲಿಂದ ಪಕಪಕನೆ ನಗಲು ಶುರುಮಾಡಿದರು. "ಅಯ್ಯೋ ನಿಮ್ ಮನೆ ಕಾಯ್ವಾಗ! ಅವ್ಳೆಂಗ್ ಕರೆದಾಳು? ಅದು ಅವ್ಳತ್ತೆ ಹೆಸ್ರಲ್ವಾ! ನಮ್ಮತ್ತಿಗೆ ಹೆಸ್ರು ಕಣ್ರವ್ವ ಅದು. ಕೊನೇಲ್ ಒಂದ್ ಅಮ್ಮ ಇತ್ತು, ಅಷ್ಟೇಯ."

ನಮ್ಮ ಕಡೆಯ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಅತ್ತೆಮಾವಂದಿರ ಹೆಸರೂ ಹೇಳುವುದಿಲ್ಲ. ಇದು ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಇದ್ದದ್ದು ಆ ಅತ್ತೆಯ ಅತ್ತೆಯ ಹೆಸರು. ಹೇಗೆ ಗೊತ್ತಾಗಬೇಕು? ಮಕ್ಕಳಿಗೆ ಅವರು ಅವ್ವ, ಮೊಮ್ಮಕ್ಕಳಿಗೆ ಬರೀ ಅಜ್ಜಿ. ಸೊಸೆಯಂತೂ ಬಾಯಿಬಿಡುವ ಹಾಗಿಲ್ಲ. ಎಲ್ಲರೂ ಮರ್ಯಾದೆ ಕೊಟ್ಟು ಕೊಟ್ಟು ಆ ಹೆಸರನ್ನು ಮನೆಯಿಂದ ಪೂರ್ತಿ ಅಳಿಸಿಬಿಟ್ಟಿದ್ದರು. ಹೊಸದಾಗಿ ಸಿಕ್ಕಿತು ಎಂದು ನಾನು ಎತ್ತಿಕೊಂಡು ಬಂದೆ.

ಅಷ್ಟು ಹೊತ್ತಿಗೆ ಹೆಂಗಸರೆಲ್ಲ ನನ್ನ ಸುತ್ತ ಸೇರಿದ್ದರು. ನಾನು ಕಾದಿದ್ದ ಮೆಚ್ಚುಗೆ ಬಂದೇ ಬಂತು. "ನೋಡು, ಎಷ್ಟ್ ಓದಿದ್ರೂ ಹಿರೀಕರ್ನ ಮರೀಲಿಲ್ಲ ಹುಡ್ಗಿ!" "ಈಗಿನ್ ಕಾಲ್ದಲ್ಲಿ ಯಾರಿಡ್ತಾರೆ ಹಳೇ ಹೆಸ್ರು?" ಒಬ್ಬರಂತೂ ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದರು. ಯಾರಿಗೂ ಇಲ್ಲದ ಹೆಸರು ಹುಡುಕಬೇಕೆಂದು ಒದ್ದಾಡಿದವಳಿಗೆ, ಮನೆಯಲ್ಲೇ ಇದ್ದ ಹೆಸರು ಇಟ್ಟಳು ಎಂದು ಶಹಬ್ಬಾಸ್‌ಗಿರಿ. ನಿಜ ಹೇಳಬಹುದಿತ್ತು. ತಲೆ ತಗ್ಗಿಸಿ, ವಿನಯದಿಂದ, "ಏನೋ, ನಮ್ಮ ಕೈಲಾದ್ದು" ಎಂದೆ. ಗಂಡ ದೂರದಿಂದ ನನ್ನನ್ನೇ ನೋಡಿ ಮೀಸೆಯಡಿ ನಗುತ್ತಿದ್ದ.

ಆಮೇಲೆ ಒಂದೊಂದಾಗಿ ನೆನಪಾಯಿತು. ನಾನು ಈ ಮನೆಗೆ ಬಂದಾಗಿನಿಂದ ಅತ್ತೆ ಬೆಳ್ಳಿ ದೀಪಕ್ಕೆ 'ಬಿಳೀ ದೀಪ' ಎನ್ನುತ್ತಿದ್ದರು. ನನ್ನ ಕಾಲುಂಗುರಕ್ಕೆ 'ಬಿಳೀವು' ಎನ್ನುತ್ತಿದ್ದರು. ಬೆಳ್ಳುಳ್ಳಿಯನ್ನು ಸಹ ಹೇಳುತ್ತಿರಲಿಲ್ಲ, 'ಆ ಘಾಟಿನ ಗಡ್ಡೆ ನಾಕು ಜಜ್ಜಾಕು' ಎನ್ನುತ್ತಿದ್ದರು. ಪದ ಗೊತ್ತಿಲ್ಲವೇನೋ ಎಂದು ನಾನು ಎಷ್ಟೋ ಸಲ ತಾಳ್ಮೆಯಿಂದ, ಶಾಲೆಯ ಮಕ್ಕಳಿಗೆ ಹೇಳಿಕೊಡುವ ದನಿಯಲ್ಲಿ, "ಬೆಳ್ಳುಳ್ಳಿ ಅತ್ತೆ, ಬೆಳ್ಳುಳ್ಳಿ" ಎಂದು ಹೇಳಿಕೊಟ್ಟಿದ್ದೆ. ಅವರು "ಹೂಂ ಕಣವ್ವ, ಅದೇಯ" ಎಂದು ಸುಮ್ಮನಾಗುತ್ತಿದ್ದರು.

ರಜೆ ಮುಗಿದು ನಾನು ಕೆಲಸಕ್ಕೆ ಹೋಗತೊಡಗಿದೆ. ಮಗು ಹಗಲೆಲ್ಲ ಅತ್ತೆಯ ಕೈಯಲ್ಲಿ. ಈಗ ಅತ್ತೆ ಅದನ್ನು ಏನೆಂದು ಕರೆಯಬೇಕು? ಕೆಲವು ದಿನ ಪಾಪು, ಕಂದ, ಚಿನ್ನಿ ಎಂದು ತೇಲಿಸಿದರು. ಆಮೇಲೆ ಒಂದು ಭಾನುವಾರ ಬಚ್ಚಲಿನಿಂದ ಮಾತು ಕೇಳಿಸಿತು. ಅತ್ತೆ ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಮೊಣಕಾಲ ಕೆಳಗೆ ಉದ್ದಕ್ಕೆ ಮಲಗಿಸಿಕೊಂಡು ಎಣ್ಣೆನೀರು ಹಾಕುತ್ತಿದ್ದರು.

"ಕಣ್ ಮುಚ್ಕೊಳಿ ಅತ್ತೆಮ್ಮ. ಉರೀತದಾ? ಉರೀಲಿ ಬಿಡಿ, ಒಳ್ಳೇದು. ನಾನ್ ಬಾಣಂತಿ ಆಗಿದ್ದಾಗ ನೀವೆಷ್ಟ್ ಬಿಸ್ನೀರ್ ಕೊಟ್ರಿ, ನೆಪ್ಪೈತಾ? ಸೌದೆ ಮುಗ್ದೋಯ್ತದೆ ಅಂದ್ರಿ. ಈಗ ನೋಡಿ, ನಿಮ್ಗೆ ಹಂಡೆ ತುಂಬ ಕಾಯ್ಸಿವ್ನಿ. ಹಾಂ, ಅಳ್ಬೇಡಿ, ಆಯ್ತು ಆಯ್ತು."

ನಾನು ಬಾಗಿಲಲ್ಲಿ ನಿಂತೇಬಿಟ್ಟೆ. ಅವತ್ತಿನಿಂದ ಅದೇ ಖಾಯಂ ಆಯಿತು. ಎಲ್ಲವೂ ಬಹುವಚನ. "ಎದ್ರಾ ಅತ್ತೆಮ್ಮ? ಹಾಲ್ ಕುಡೀತೀರಾ?" "ಸಾಕಾ? ಸಾಕಂದ್ರೆ ಸಾಕು. ಆಮೇಲೆ ಸೊಸೆ ಹೊಟ್ಟೇಗ್ ಹಾಕ್ಲಿಲ್ಲ ಅಂತ ಊರೆಲ್ಲಾ ಹೇಳ್ಕಂಡ್ ಬರ್ಬೇಡಿ." ಮಗು ಬೊಚ್ಚುಬಾಯಿ ತೆರೆದು ನಗುತ್ತಿತ್ತು. "ನಗಿ ನಗಿ. ಆಗ ಒಂದಿನಾನೂ ನಗ್ಲಿಲ್ಲ."

ನನಗೆ ಇದು ನಗು ತರುವುದರ ಬದಲು ಕಳವಳ ತಂದಿತು. ಅಷ್ಟು ಕಷ್ಟಪಟ್ಟು ಹುಡುಕಿದ ಹೆಸರನ್ನು ಮನೆಯಲ್ಲಿ ಹಗಲಿಡೀ ಯಾರೂ ಹೇಳುತ್ತಿಲ್ಲ. ಬೀದಿಯ ಮಕ್ಕಳೂ ಬಂದು, "ಅತ್ತೆಮ್ಮ ಎದ್ದಿದ್ಯಾ?" ಎಂದು ಕೇಳಲು ಶುರುಮಾಡಿದವು. ನಾಳೆ ಇವಳು ಶಾಲೆಗೆ ಹೋದರೆ ಅಲ್ಲೂ ಅತ್ತೆಮ್ಮನೇ! ಅದಕ್ಕಿಂತ ಮುಂದಿನ ಹಲ್ಲೇ ವಾಸಿ ಅಲ್ಲವೇ? ಒಂದು ದಿನ ಊಟ ಮಾಡುವಾಗ ಭಾಷಣ ಶುರುಮಾಡಿದೆ.

"ಅತ್ತೆ, ಕಾಲ ಬದಲಾಗಿದೆ. ಹೆಸರು ಅನ್ನೋದು ಕರೆಯೋಕೇ ಇರೋದು. ಈಗ ಯಾವ ಆಫೀಸಿಗೆ ಹೋದ್ರೂ ಗಂಡನ ಹೆಸರು ಕೇಳ್ತಾರೆ, ಎಲ್ರೂ ಹೇಳ್ತಾರೆ. ಹೇಳಿದ ತಕ್ಷಣ ಯಾರಿಗೂ ಏನೂ ಆಗಲ್ಲ."

ಅತ್ತೆ ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ಹೌದಾ? ಹಂಗಾರೆ ನೀನು ನಿನ್ ಗಂಡನ್ನ ಹೆಸ್ರಿಡ್ದು ಕೂಗು ನೋಡಾನ. ಇಲ್ಲೇ, ನನ್ ಮುಂದೆ."

ಅದೇನು ಮಹಾ! ಗಂಡ ಹೊರಗೆ ಕಾರು ಒರೆಸುತ್ತಿದ್ದ. ಕಿಟಕಿಯ ಕಡೆ ತಿರುಗಿ ಉಸಿರೆಳೆದುಕೊಂಡೆ. ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಸರಾಗವಾಗಿ ಹೇಳುವ ಹೆಸರು, ಅವನ ಅಮ್ಮನ ಎದುರಿಗೆ ಗಂಟಲಿನಲ್ಲೇ ಕೂತುಬಿಟ್ಟಿತು. ಎಷ್ಟು ತಳ್ಳಿದರೂ ಹೊರಗೆ ಬಂದದ್ದು, "ರೀ..."

"ಏನ್ ಗುರು?" ಎಂದ ಹೊರಗಿನಿಂದ.

"ಏನಿಲ್ಲ."

ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಆ ಊಟದಲ್ಲಿ ಬಿ.ಕಾಂ. ಡಿಗ್ರಿ ಮತ್ತೆ ಬಾಯಿ ತೆರೆಯಲಿಲ್ಲ.

ನಮ್ಮ ಪಕ್ಕದ ಮನೆಯವರದು ಬಟ್ಟೆ ವ್ಯಾಪಾರ. ಆ ಮನೆಯ ಆಂಟಿ ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತಾರೆ, ನಮ್ಮ ಜೊತೆ ಕನ್ನಡ. ಒಂದು ಸಂಜೆ ಕಾಂಪೌಂಡಿನ ಮೇಲಿಂದ ನನ್ನನ್ನು ಕರೆದರು.

"ಕ್ಯಾ ಅಮ್ಮಾ, ನಿಮ್ ಅತ್ತೆ ಚುಚ್ಚುಮದ್ದು ಹಾಕ್ಸೋಕೆ ಹೋಗುವಾಗೆಲ್ಲ ನನ್ಗೆ ಯಾಕೆ ಕರ್ಕೊಂಡು ಹೋಗ್ತಾರೆ ಗೊತ್ತಾ ನಿನ್ಗೆ?"

"ಜೊತೆಗಿರ್ಲಿ ಅಂತ ಅಲ್ವಾ ಆಂಟಿ?"

"ಜೊತೆಗಂತೆ! ಸಿಸ್ಟರು ಮಗು ಹೆಸ್ರು ಕೇಳ್ತಾರೆ. ನಿಮ್ ಅತ್ತೆ ಹಿಂಗೆ ನನ್ಗೆ ಮೊಣಕೈಲಿ ತಿವೀತಾರೆ. ನಾನು ಬೆಳ್ಳಿ ಅಂತೀನಿ. ಬಸ್, ಅಷ್ಟೇ ನನ್ ಕೆಲ್ಸ. ಬಂದ್ಮೇಲೆ ಟೀ ಕೊಡ್ತಾರೆ, ನಿಪ್ಪಟ್ಟು ಕೊಡ್ತಾರೆ." ಅವರು ನಗುತ್ತಾ ಸೇರಿಸಿದರು, "ಇನ್ನೂ ಎರಡು ಚುಚ್ಚುಮದ್ದು ಇದೆ ಅಲ್ಲಾ? ನನ್ಗೆ ಏನೂ ಬೇಜಾರಿಲ್ಲ."

ನಾನೂ ನಕ್ಕೆ. ಆದರೆ ಒಳಗೆ ಬಂದು ಮಗುವಿನ ಪಕ್ಕ ಮಲಗಿದಾಗ ನಗು ನಿಂತಿತು. ಸ್ವಂತ ಮೊಮ್ಮಗಳ ಹೆಸರು ಹೇಳಲು ಅತ್ತೆ ಪಕ್ಕದ ಮನೆಯವರ ಬಾಯಿಯನ್ನು ಕೇಳಿ ಪಡೆಯಬೇಕಾಗಿತ್ತು. ನಾನು ಒಂದು ದಿನವೂ ಅವರನ್ನು ಕೇಳಲಿಲ್ಲ, ಅವರಿಗೆ ಯಾವ ಹೆಸರು ಇಷ್ಟ ಎಂದು. ಓದಿದವಳು ನೀನೇ ಇಡು ಎಂದದ್ದನ್ನು ಹಾಗೆಯೇ ಬಾಚಿಕೊಂಡು ತವರಿಗೆ ಹೋಗಿಬಿಟ್ಟಿದ್ದೆ.

ಜನನ ಪತ್ರದಲ್ಲಿ ಇನ್ನೂ ಹೆಸರು ಸೇರಿಸಿರಲಿಲ್ಲ. ಬೇಕಾದರೆ ಬದಲಾಯಿಸಬಹುದಿತ್ತು. ಗಂಡನಿಗೆ ಹೇಳಿದೆ. "ನೀನೇ ಇಟ್ಟೆ, ನೀನೇ ತೆಗೀತೀನಿ ಅಂತೀಯ. ಅಮ್ಮನ್ನೇ ಕೇಳು" ಎಂದ. ಸರಿ, ಕೇಳುತ್ತೇನೆ ಎಂದುಕೊಂಡೆ. ಕೇಳುವುದೇನು, ದೊಡ್ಡ ತ್ಯಾಗ ಮಾಡುತ್ತಿರುವವಳ ಹಾಗೆ ಬಸ್ಸಿನಲ್ಲಿ ಬರುತ್ತಾ ಮಾತುಗಳನ್ನು ಜೋಡಿಸಿಕೊಂಡೆ. ಅತ್ತೆಯ ಕಣ್ಣಲ್ಲಿ ನೀರು ಬರುತ್ತದೆ, ನನ್ನ ಕೈ ಹಿಡಿದುಕೊಳ್ಳುತ್ತಾರೆ, ನಾನು 'ಅದರಲ್ಲೇನಿದೆ ಅತ್ತೆ' ಎನ್ನುತ್ತೇನೆ ಎಂದೆಲ್ಲ.

ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಗು ಸಿಪ್ಪೆಯ ರಾಶಿಯಲ್ಲಿ ಕೂತು ಒಂದೊಂದನ್ನೇ ಬಾಯಿಗೆ ಹಾಕಿ ಉಗಿಯುತ್ತಿತ್ತು.

"ಅತ್ತೆ, ಇವಳ ಹೆಸರು ಬದಲಾಯಿಸೋಣ ಅಂತಿದ್ದೀನಿ. ನೀವು ಕರೆಯೋಕೆ ಆಗೋ ಹಾಗೆ ಒಂದು ಹೆಸರು. ಈ ಸಲ ನೀವೇ ಹೇಳಿ."

ಅತ್ತೆ ಕಾಯಿ ಕೆಳಗಿಟ್ಟರು. ಕಣ್ಣಲ್ಲಿ ನೀರೇನೂ ಬರಲಿಲ್ಲ. ಸಿಟ್ಟೇ ಬಂತು.

"ಏನಂದೆ? ಬದ್ಲಾಯ್ಸೋದಾ? ಬಂದೋರ್ನ ವಾಪಸ್ ಕಳ್ಸಾಕಾಯ್ತದಾ?"

"ಅಲ್ಲ ಅತ್ತೆ, ನಿಮ್ಗೆ ಕಷ್ಟ ಆಗ್ತಿದೆ ಅಂತ..."

"ಯಾರೇಳಿದ್ರು ಕಷ್ಟ ಅಂತ?" ಎಂದು ಮಗುವಿನ ಬಾಯಿಂದ ಸಿಪ್ಪೆ ಎಳೆದು ಬಿಸಾಕಿದರು. "ಉಗೀರಿ ಅತ್ತೆಮ್ಮ. ಹೊಟ್ಟೆ ನೋವ್ ಬಂದ್ರೆ ಆಮೇಲೆ ನನ್ ಮೇಲೇ ಹಾಕ್ತೀರಿ." ಆಮೇಲೆ ನನ್ನ ಕಡೆ ತಿರುಗಿದರು. "ನೋಡು, ನಾನ್ ಈ ಮನೇಗ್ ಬಂದಾಗ ಹುಡ್ಗಿ. ಅತ್ತೆಮ್ಮ ಒಂದಿನಾನೂ ನನ್ನ ಹೆಸ್ರಿಡ್ದು ಕರೀಲಿಲ್ಲ. ಇವ್ಳೇ, ಬಾರೇ, ಹೋಗೇ. ನಾನೂ ಬಾಯ್ಬಿಟ್ಟು ಒಂದ್ ಮಾತ್ ಎದುರಾಡ್ಲಿಲ್ಲ. ಹೋಗೇಬುಟ್ರು. ಎಲ್ಲಾ ನನ್ ಹೊಟ್ಟೇಲೇ ಉಳ್ಕಂತು. ಈಗ ದಿನಾ ಕೂರಿಸ್ಕೊಂಡು ಹೇಳ್ತೀನಿ, ಕೇಳುಸ್ಕತಾರೆ. ನಾನ್ ತಿನ್ನುಸ್ದ್ರೆ ಉಂಟು, ಇಲ್ದಿದ್ರೆ ಇಲ್ಲ." ಹೇಳುತ್ತಾ ಹೇಳುತ್ತಾ ಅವರಿಗೆ ನಗು ಬಂದುಬಿಟ್ಟಿತು. "ಇಂಥ ಹೆಸ್ರು ಇಟ್ಕೊಟ್ಬುಟ್ಟು ಈಗ ಕಿತ್ಕತೀನಿ ಅಂತೀಯಲ್ಲ!"

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಯಾವುದಕ್ಕೂ ಬರಲಿಲ್ಲ. ಕೂತು ಅವರೆಕಾಯಿ ಸುಲಿದೆ. ಮುಂದಿನ ವಾರ ಹೋಗಿ ಜನನ ಪತ್ರಕ್ಕೆ ಬೆಳ್ಳಿ ಎಂದೇ ಸೇರಿಸಿ ಬಂದೆವು.

ಈಗ ಬೆಳ್ಳಿ ನಡೆಯುತ್ತಾಳೆ. ನಡೆಯುವುದಕ್ಕಿಂತ ಓಡುವುದೇ ಹೆಚ್ಚು. ಗೇಟು ತೆರೆದಿದ್ದರೆ ಸಾಕು, ಬಟ್ಟೆ ಆಂಟಿಯ ಮನೆಗೋ, ರಸ್ತೆಯ ಕೊನೆಯ ಅಂಗಡಿಗೋ. 'ಅತ್ತೆಮ್ಮ' ಎಂದು ಬೀದಿಯಲ್ಲಿ ಜೋರಾಗಿ ಕಿರುಚಲು ಅತ್ತೆಗೆ ಆಗುವುದಿಲ್ಲ. ಹಿರಿಯರನ್ನು ಯಾರಾದರೂ ಹಾಗೆ ಕೂಗುತ್ತಾರೆಯೇ? ಅದಕ್ಕೆ ನಾನು ಮನೆಯಲ್ಲಿದ್ದಾಗ ಆ ಕೆಲಸ ನನ್ನದು. ಒಗ್ಗರಣೆ ಹಾಕುತ್ತಿರಲಿ, ಬಟ್ಟೆ ಹಿಂಡುತ್ತಿರಲಿ, ಹೊರಗಿನಿಂದ ಆಜ್ಞೆ ಬರುತ್ತದೆ: "ಇವ್ಳೇ, ಬಾರೇ ಇಲ್ಲಿ! ಕರಿಯೇ ನಿನ್ ಮಗಳ್ನ!" ನಾನು ಸೌಟು ಹಿಡಿದುಕೊಂಡೇ ಓಡಿಬಂದು ಹೊಸ್ತಿಲಲ್ಲಿ ನಿಂತು ಕೂಗುತ್ತೇನೆ. ಬೀದಿಯವರಿಗೆಲ್ಲ ಆ ಹೆಸರು ಬಾಯಿಪಾಠವಾದದ್ದು ಹೀಗೆ, ನನ್ನದೇ ಗಂಟಲಿನಿಂದ.

ಮೊನ್ನೆ ಭಾನುವಾರವೂ ಹಾಗೆಯೇ ಕರೆ ಬಂತು. ಹೊರಗೆ ಬಂದು, "ಬೆಳ್ಳೀ! ಏ ಬೆಳ್ಳೀ! ಬರ್ತೀಯೋ ಇಲ್ವೋ? ಕಾಲ್ ಮುರೀತೀನಿ!" ಎಂದು ಕೂಗಿದೆ. ಪಕ್ಕಕ್ಕೆ ನೋಡಿದರೆ ಅತ್ತೆ ಬಾಗಿಲ ಹಿಂದೆ ನಿಂತಿದ್ದಾರೆ. ಸೆರಗು ತಲೆಯ ಮೇಲಿದೆ. ಅದರ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಾರೆ, ಭುಜ ಕುಣಿಯುತ್ತಿದೆ. ಅವರ ಸೀರೆಯ ನೆರಿಗೆ ಹಿಡಿದುಕೊಂಡು ಮಗಳು ಅಲ್ಲೇ ನಿಂತಿದ್ದಾಳೆ. ಯಾವಾಗಲೋ ಒಳಗೆ ಬಂದುಬಿಟ್ಟಿದ್ದಾಳೆ.

"ಇಲ್ಲೇ ಇದ್ದಾಳಲ್ಲ ಅತ್ತೆ!" ಎಂದೆ.

ಅತ್ತೆ ಸೆರಗಿನೊಳಗಿನಿಂದಲೇ ಹೇಳಿದರು: "ಇರ್ಲಿ. ಇನ್ನೊಂದ್ಸಲ ಕೂಗು. ಒಸಿ ಜೋರಾಗಿ."